ಪಡಸಾಲೆಗೊಂದು ಮೊಸಳೆ ಎಂಜಿನ್

ರಜೆಯಲ್ಲಿ ಮಕ್ಕಳ ಕೈಗೊಂದು ಕಾಯಕ ಬೇಕು. ಮಾದರಿ ರೈಲು ಮಾಡಹೊರಟವರಿಗೆ ಹಳೆಯ ವಿದ್ಯುತ್ ಎಂಜಿನ್‌ಗಳಲ್ಲಿ ಡಬ್ಲ್ಯೂಸಿಜಿ-1 ಎಂಬುದನ್ನೇ ನಾವು ಸೂಚಿಸುವೆವು. ಬಾಗಲಕೋಟೆ, ಬಾದಾಮಿಗಳ ಮೀಟರ್‌ಗೇಜ್ ಹಳಿಯ ಮೇಲೆ ಅದು ಓಡಲಿಲ್ಲ, ನಿಜ. ಆದರೆ ಹುನಗುಂದ, ಇಳಕಲ್ಲಿನ ಹಿರಿಯರು ಬಾಗಲಕೋಟೆಯಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಹೋಗುವಾಗ ಪುಣೆಯಾಚೆಯ ಬೋರಘಾಟಿನಲ್ಲಿ ಸರಕು ಎಳೆಯುತ್ತಿದ್ದುದು ಇದೇ. ನಮ್ಮ ಸೀಮೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತಲ್ಲವೇ!

1928ರಿಂದ ಬಂದ ಈ 41 ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ಪ್ರಖ್ಯಾತ ‘ಮೊಸಳೆ’ಯ ವಂಶದವು. ನಡುವೆ ಚಾಲಕನ ಕೋಣೆ, ಹಿಂದೆ ಮುಂದೆ ಚಾಚಿದ ಮೂತಿ. ಮೂರು ತುಂಡಿನ ಒಡಲು ಕೀಲುಗಳಲ್ಲಿ ಮಣಿಯುತ್ತ ತಿರುವು ದಾಟುವುದರಿಂದ ಪಡಸಾಲೆಯ ಇಕ್ಕಟ್ಟಿಗೆ ಹೇಳಿ ಮಾಡಿಸಿದಂತಿದೆ. ಗಾಲಿಗಳನ್ನು ಜೋಡಿಸುವ ದಂಡಗಳು ಉಗಿಬಂಡಿಯಂತೆ ಹೊರಗೇ ಆಡುವವು. ಮಕ್ಕಳ ಕಣ್ಣಿಗೆ ಅದೇ ಹಬ್ಬ. ತೀರ ಕಿರಿಯರು ಮೊದಲು ಪೆಟ್ಟಿಗೆಯಾಕಾರದ ‘ಲೋಕಮಾನ್ಯ’ದ ಮೇಲೆ ಕೈ ಪಳಗಿಸಿಕೊಳ್ಳಲಿ. 1961ರಲ್ಲಿ ಚಿತ್ತರಂಜನದಲ್ಲಿ ತಯಾರಾದ ಅದು ಮೊದಲ ಸ್ವದೇಶಿ ವಿದ್ಯುತ್ ಎಂಜಿನ್.

ಹಳಿಯ ವಿಷಯದಲ್ಲಿ ಎಚ್ಚರ ಬೇಕು. 87ರಲ್ಲಿ ಒಂದಂಶದ ಅಳತೆಗೆ ಪೇಟೆಯಲ್ಲಿ ದೊರೆಯುವ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪಿನ ಲೆಕ್ಕ. ನಮ್ಮ ಬ್ರಾಡ್‌ಗೇಜಿಗೆ ಸುಮಾರು 19.3 ಮಿ.ಮೀ. ಬೇಕು. ಕೊಂಡ ಹಳಿಯ ಮೇಲೆ ನಿಲ್ಲಿಸಿದರೆ ಮೊಸಳೆಯು ಬಡಕಲು ಕಾಲಿನದಾಗಿ ಕಾಣುವುದು. ಹಳಿಯನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ಲೇಸು.

ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಗುಜರಿ ಸೇರಿದವು. ಮುಂಬಯಿಯ ಗವರ್ನರರಾಗಿದ್ದ ಸರ್ ಲೆಸ್ಲಿ ವಿಲ್ಸನ್ನರ ಹೆಸರು ಹೊತ್ತ ಒಂದು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅತ್ತ ಪ್ರವಾಸ ಹೋಗುವ ಬಂಧುಗಳು ಮಕ್ಕಳಿಗೆ ಅದನ್ನು ತೋರಿಸಿ, ನಾಲ್ಕೂ ಮಗ್ಗುಲಿನ ಛಾಯಾಚಿತ್ರ ತೆಗೆದುಕೊಂಡು ಬರಬೇಕು.