ಅಂಗೈಯಗಲದ ಯಂತ್ರದಲ್ಲಿ ‘ಡೂಮ್’

ಆನೆಯನ್ನು ಕನ್ನಡಿಯಲ್ಲಿ ತೋರಿಸಬಹುದು; ಆದರೆ ಕನ್ನಡಿಯೊಳಗಿನ ಆನೆ ಹೊರೆ ಹೊರಲಾರದು. ದೊಡ್ಡ ಗಣಕಗಳಿಗೆಂದು ಬರೆದ ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಗಳಿಗೆ ಇಳಿಸುವ ಕೆಲಸವನ್ನು ಹಲವರು ಇಂಥ ಕನ್ನಡಿಯ ಆನೆಯೆಂದೇ ಎಣಿಸುತ್ತಾರೆ. ಗಣಕದವರು ‘ಪೋರ್ಟ್ ಮಾಡುವುದು’ ಎಂದು ಕರೆಯುವ ಈ ಕೆಲಸ ಬಿಡುವಿನವರ ಹುಡುಗಾಟವೆಂದೂ ಅದರಿಂದ ಕಲಿಯತಕ್ಕದ್ದೇನೂ ಇಲ್ಲವೆಂದೂ ಅವರ ಮತ. ನಮ್ಮ ಮತ ಬೇರೆ. ಹಳೆಯ ಗ್ರಂಥವೊಂದನ್ನು ಸಾಲುಸಾಲಾಗಿ ಓದಿ ಪರಿಷ್ಕರಿಸುವ ವಿದ್ವಾಂಸನ ಶ್ರಮಕ್ಕೂ ಇದಕ್ಕೂ ನಾವು ಹೆಚ್ಚಿನ ಅಂತರವನ್ನು ಕಾಣೆವು.

‘ಡೂಮ್’ ಎಂಬ ಆಟವನ್ನೇ ನೋಡೋಣ. ಅಮೆರಿಕದ ಟೆಕ್ಸಾಸಿನ ‘ಇಡ್ ಸಾಫ್ಟ್‌ವೇರ್’ ಎಂಬ ಸಂಸ್ಥೆ ಇದನ್ನು 1993ರ ಡಿಸೆಂಬರ್ 10ರಂದು ಹೊರತಂದಿತು. ಪರದೆಯ ಮೇಲೆ ಕಾಣುವುದೆಲ್ಲ ಆಟಗಾರನ ಸ್ವಂತ ಕಣ್ಣಿಗೆ ಕಂಡಂತೆ ಕಾಣುತ್ತದೆ. ಅವನು ಕತ್ತಲ ಓಣಿಗಳಲ್ಲಿ ನಡೆದು, ಎದುರಾದ ಪಿಶಾಚಿಗಳನ್ನು ಬಂದೂಕಿನಿಂದ ಹೊಡೆದುರುಳಿಸಬೇಕು, ಕಥೆ ಇಷ್ಟೇ. ಕಥೆಯ ವಿಷಯದಲ್ಲಿ ನಮಗೆ ವಿಶೇಷ ಗೌರವವೇನೂ ಇಲ್ಲ. ನಮ್ಮ ಗೌರವವೆಲ್ಲ ಆ ದೃಶ್ಯವನ್ನು ಬರೆಯುವ, ಜಾನ್ ಕಾರ್ಮ್ಯಾಕ್ ರಚಿಸಿದ ಕ್ರಮವಿಧಿಗೆ ಸಲ್ಲುತ್ತದೆ. ಆಗಿನ 386 ಜಾತಿಯ ಗಣಕವೂ 4 ಮೆಗಾಬೈಟ್ ಸ್ಮೃತಿಯೂ ಇದ್ದರೆ ಅದು ನಡೆಯುತ್ತಿತ್ತು.

ಇತ್ತ, ಜಪಾನಿನ ನಿಂಟೆಂಡೊ ಕಂಪೆನಿ 2001ರಲ್ಲಿ ತಂದ ‘ಗೇಮ್ ಬಾಯ್ ಅಡ್ವಾನ್ಸ್’ ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಯಂತ್ರ. ಚಿತ್ರಕ್ಕೆಂದು ಮೀಸಲಾದ 96 ಕಿಲೋಬೈಟನ್ನು ಬಿಟ್ಟರೆ ಅದರ ಕಾರ್ಯಸ್ಮೃತಿ 288 ಕಿಲೋಬೈಟ್ ಮಾತ್ರ. ಎಂದರೆ ‘ಡೂಮ್’ ಕೇಳಿದ್ದರಲ್ಲಿ ಹದಿನಾಲ್ಕನೆಯ ಒಂದು ಪಾಲು! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುತ್ತಾರೆ. ಇಲ್ಲಿ ಹಾಸಿಗೆಯೇ ಮಂಡಿಗೆ ಮುಗಿಯುತ್ತದೆ.

ಆದರೂ ಇದು ಸಾಧ್ಯವಾಯಿತು. ಅದು ಹೇಗೆಂಬುದನ್ನು ತಿಳಿಯಲು ‘ಡೂಮ್’ ಕಣ್ಣಿಗೆ ಮಾಡುವ ಮೋಸವನ್ನು ಅರಿಯಬೇಕು. ಅದರ ಗೋಡೆಗಳೆಲ್ಲ ನೆಟ್ಟಗೆ ನಿಂತಿವೆ, ನೆಲವೆಲ್ಲ ಮಟ್ಟಸವಾಗಿದೆ, ಆಟಗಾರನು ತಲೆಯನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ವಾಲಿಸಲಾರನು. ಆದ್ದರಿಂದ ಪರದೆಯ ಒಂದು ಲಂಬಪಟ್ಟಿಯಲ್ಲಿ ಕಾಣುವ ಗೋಡೆಯ ಬಿಂದುಗಳೆಲ್ಲ ಒಂದೇ ಆಳದಲ್ಲಿರುತ್ತವೆ. ಬಿಂದುಬಿಂದುವಿಗೂ ಮಾಡಬೇಕಾಗಿದ್ದ ಭಾಗಾಕಾರವನ್ನು ಪಟ್ಟಿಗೊಮ್ಮೆ ಮಾಡಿದರೆ ಸಾಕು. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬ ಪ್ರಶ್ನೆಗೂ ಉತ್ತರ ಮುಂಚೆಯೇ ಸಿದ್ಧ. ಇಡೀ ನಕ್ಷೆಯನ್ನು ಒಂದು ಗೆರೆಯಿಂದ ಎರಡು ಮಾಡಿ, ಪ್ರತಿಯೊಂದು ಅರ್ಧವನ್ನೂ ಮತ್ತೆ ಎರಡು ಮಾಡಿ, ಹೀಗೆ ಕವಲೊಡೆಯುವ ಮರವೊಂದನ್ನು ಆಟಕ್ಕೆ ಮೊದಲೇ ಕಟ್ಟಿಡುತ್ತಾರೆ. ಈ ವಿಧಾನವನ್ನು ಫುಕ್ಸ್, ಕೆಡೆಮ್ ಮತ್ತು ನೇಲರ್ ಎಂಬವರು 1980ರಲ್ಲಿ ಪ್ರಕಟಿಸಿದ್ದರು. ಆಟದ ವೇಳೆ ಯಂತ್ರವು ಪ್ರತಿಯೊಂದು ಕವಲಿನಲ್ಲೂ ‘ಆಟಗಾರನು ಗೆರೆಯ ಈಚೆಗಿದ್ದಾನೆಯೋ ಆಚೆಗೋ’ ಎಂದು ಕೇಳಿಕೊಳ್ಳುತ್ತ ಹೋದರೆ, ಹತ್ತಿರದ ಗೋಡೆಯಿಂದ ದೂರದ ಗೋಡೆಯವರೆಗೆ ಎಲ್ಲವೂ ತಾವಾಗಿಯೇ ಸಾಲುಗಟ್ಟುತ್ತವೆ.

ಇನ್ನು ಭಿನ್ನರಾಶಿಗಳ ಮಾತು. 386ಕ್ಕೆ ದಶಾಂಶದ ಲೆಕ್ಕವನ್ನು ಚುರುಕಾಗಿ ಮಾಡುವ ಅಂಗವಿರಲಿಲ್ಲ. ಅದಕ್ಕಾಗಿ ಕಾರ್ಮ್ಯಾಕ್ 32 ಬಿಟ್‌ಗಳ ಸಂಖ್ಯೆಯಲ್ಲಿ ಅರ್ಧವನ್ನು ಪೂರ್ಣಾಂಕಕ್ಕೂ ಅರ್ಧವನ್ನು ಭಿನ್ನಾಂಕಕ್ಕೂ ಹಂಚಿ, ಪೂರ್ಣಾಂಕಗಳ ಗಣಿತದಿಂದಲೇ ಕೆಲಸ ಸಾಗಿಸಿದರು. ಗೇಮ್ ಬಾಯಿಯ ಆರ್ಮ್ ಚಿಪ್ಪಿಗೂ ಆ ಅಂಗವಿಲ್ಲ. ಆದರೆ 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಗುಣಿಸಿ 64 ಬಿಟ್‌ಗಳ ಗುಣಲಬ್ಧವನ್ನು ಕೊಡುವ ಆಜ್ಞೆ ಅದರಲ್ಲುಂಟು. ಒಬ್ಬರಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಅಳತೆ ಕೊಟ್ಟಂತೆ ಒಪ್ಪಿತು. ಭಾಗಿಸುವ ಆಜ್ಞೆ ಮಾತ್ರ ಆ ಚಿಪ್ಪಿನಲ್ಲಿ ಇಲ್ಲವೇ ಇಲ್ಲ! ವ್ಯುತ್ಕ್ರಮಗಳ ಕೋಷ್ಟಕವನ್ನು ಮೊದಲೇ ಬರೆದಿಟ್ಟು ಗುಣಾಕಾರದಿಂದ ಭಾಗಾಕಾರ ಮಾಡಿಸುವುದು ಇಂಥಲ್ಲಿ ರೂಢಿಯ ಉಪಾಯ.

ಎಲ್ಲಕ್ಕಿಂತ ಕಠಿನವಾದದ್ದು ಸ್ಮೃತಿಯ ಸಮಸ್ಯೆ. ಗಣಕದಲ್ಲಿ ತಟ್ಟೆಯ ಮೇಲಿನ ನಕ್ಷೆಯನ್ನೂ ಚಿತ್ರಗಳನ್ನೂ ಸ್ಮೃತಿಗೆ ತಂದುಕೊಂಡೇ ಬಳಸಬೇಕು. ಗೇಮ್ ಬಾಯಿಯ ಆಟದ ಬಿಲ್ಲೆಯಾದರೋ ನೇರವಾಗಿ ಓದಬಹುದಾದ ಸ್ಮೃತಿಯೇ; ಬರೆಯಲಾಗದು, ಅಷ್ಟೆ. ಆದ್ದರಿಂದ ಬದಲಾಗದಿರುವುದೆಲ್ಲ ಬಿಲ್ಲೆಯಲ್ಲೇ ಉಳಿಯಬಹುದು. ಬಾಗಿಲಿನ ಎತ್ತರ, ಪಿಶಾಚಿಯ ಸ್ಥಾನ, ಉಳಿದ ಗುಂಡುಗಳ ಎಣಿಕೆ, ಇವುಗಳಿಗೆ ಮಾತ್ರ ಆ 288 ಕಿಲೋಬೈಟಿನಲ್ಲಿ ಜಾಗ ಕೊಟ್ಟರಾಯಿತು. ಹೇಳುವುದು ಸುಲಭ. ಮಾಡುವವನು ಸಾವಿರಾರು ಸಾಲುಗಳನ್ನು ಓದಿ, ಒಂದೊಂದು ಹೆಸರಿನ ಮುಂದೆಯೂ ನಿಂತು, ಇದು ಚರವೇ ಸ್ಥಿರವೇ ಎಂದು ತೀರ್ಮಾನಿಸಬೇಕು. ಒಂದು ಕಡೆ ಎಡವಿದರೆ ಆಟ ಅಲ್ಲಿಯೇ ನಿಲ್ಲುತ್ತದೆ. ಗ್ರಂಥಸಂಪಾದನೆಯನ್ನು ನಾವು ನೆನೆದದ್ದು ಇದಕ್ಕಾಗಿ.

ಆ ಯಂತ್ರಕ್ಕೆ ‘ಡೂಮ್’ 2001ರಲ್ಲಿಯೇ ಅಂಗಡಿಗೆ ಬಂದಿತ್ತು. ಅಟಾರಿ ಜಾಗ್ವಾರ್ ಯಂತ್ರದ ಪಾಠವನ್ನು ಆಧರಿಸಿದ ಆ ಆವೃತ್ತಿಯಲ್ಲಿ ಮೂಲದ ಇಬ್ಬರು ದೊಡ್ಡ ಪಿಶಾಚಿಗಳು ನಾಪತ್ತೆ; ರಕ್ತದ ಬಣ್ಣ ಹಸುರು! (ಹಸುರು ರಕ್ತದಿಂದ ಯಾವ ಮಗುವಿನ ಶೀಲ ಉಳಿಯಿತೋ ನಾವರಿಯೆವು.) ಬಹುಕಾಲದ ಮೇಲೆ ಹವ್ಯಾಸಿಗಳು ಅದೇ ಯಂತ್ರಕ್ಕೆ ಮತ್ತೊಮ್ಮೆ ‘ಡೂಮ್’ ಇಳಿಸಿದರು. ಈ ಸಲ ಮೂಲ ಗಣಕದ ನಕ್ಷೆಗಳೇ ಬಂದವು, ಕಾಣೆಯಾಗಿದ್ದ ಪಿಶಾಚಿಗಳೂ ಮರಳಿದವು. ಯಂತ್ರ ಅದೇ, ಸ್ಮೃತಿ ಅಷ್ಟೇ. ಹೆಚ್ಚಿಗೆ ಇದ್ದವು ಎರಡು: ಗಡುವಿಲ್ಲದ ಕಾಲ, ಮತ್ತು ಎಲ್ಲರ ಕೈಗೂ ಬಂದಿದ್ದ ಮೂಲಪಾಠ.

ಈ ಮೂಲಪಾಠವೇ ನಮ್ಮ ವಾದದ ತಿರುಳು. ಇಡ್ ಸಂಸ್ಥೆ ‘ಡೂಮ್’ ಕ್ರಮವಿಧಿಯನ್ನು 1997ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಕೊಟ್ಟಿತು. 1999ರಲ್ಲಿ ಅದನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಒಳಪಡಿಸಿತು. ಹವ್ಯಾಸಿಗಳ ಆವೃತ್ತಿ ಆ ಪಾಠದ ವಂಶದ್ದೇ. ಹೀಗೆ ಕೊಟ್ಟರೆ ವ್ಯಾಪಾರ ಕೆಡುವುದಿಲ್ಲವೇ ಎಂದು ವಾಚಕರು ಕೇಳಬಹುದು. ಇಡ್ ಸಂಸ್ಥೆ ಕೊಟ್ಟದ್ದು ಕ್ರಮವಿಧಿಯನ್ನು ಮಾತ್ರ. ಚಿತ್ರ, ನಕ್ಷೆ, ಸಂಗೀತಗಳ ಹಕ್ಕನ್ನು ಅದು ಬಿಡಲಿಲ್ಲ. ಅವುಗಳನ್ನು ಇಂದಿಗೂ ಹಣ ತೆತ್ತೇ ಕೊಳ್ಳಬೇಕು. ಧ್ವನಿಯ ಭಾಗ ಅನ್ಯರ ಸ್ವತ್ತಾಗಿದ್ದುದರಿಂದ ಡಾಸ್ ಆವೃತ್ತಿಯ ಬದಲು ಲಿನಕ್ಸ್ ಆವೃತ್ತಿಯನ್ನು ಕೊಟ್ಟರು. ಮನಸ್ಸಿದ್ದಲ್ಲಿ ಇಂಥ ತೊಡಕುಗಳಿಗೂ ಮಾರ್ಗವಿತ್ತು.

ಮಾರಾಟ ನಿಂತುಹೋದ ಆಟಗಳ ಪಾಠವನ್ನು ಪೆಟ್ಟಿಗೆಯಲ್ಲಿ ಕೊಳೆಯಿಸುವ ಒಡೆಯರಿಗೆ ಈ ಕಾರಣದಿಂದ ನಮ್ಮ ಆಕ್ಷೇಪವಿದೆ. ರ್‍ಯಾಂಡಿ ಲಿಂಡೆನ್ ಎಂಬವರು 1995ರಲ್ಲಿ ‘ಡೂಮ್’ ಅನ್ನು ಸೂಪರ್ ನಿಂಟೆಂಡೊ ಯಂತ್ರಕ್ಕೆ ತಂದಾಗ ಅವರ ಬಳಿ ಮೂಲಪಾಠವಿರಲಿಲ್ಲ. ಚಿತ್ರಿಸುವ ವಿಧಿಯನ್ನೆಲ್ಲ ಅವರು ಹೊಸದಾಗಿಯೇ ಬರೆಯಬೇಕಾಯಿತು. ಅವರೇ ಗೇಮ್ ಬಾಯ್ ಅಡ್ವಾನ್ಸಿಗೆ ‘ಕ್ವೇಕ್’ ಆಟದ ಮಾದರಿಯೊಂದನ್ನೂ ಸಿದ್ಧಪಡಿಸಿದ್ದರು. ದಶಾಂಶಗಣಿತದ ಅಂಗವನ್ನೇ ನೆಚ್ಚಿದ ‘ಕ್ವೇಕ್’ ಅಂಥ ಯಂತ್ರದಲ್ಲಿ ಓಡಿತೆಂಬುದು ಅಚ್ಚರಿಯ ಸಂಗತಿ. ಆದರೂ ಅದು ಅಂಗಡಿಗೆ ಬರಲಿಲ್ಲ. ಜನ ಅದನ್ನು ಕಂಡದ್ದು 2022ರಲ್ಲಿ. ತಮ್ಮ ಸೂಪರ್ ನಿಂಟೆಂಡೊ ‘ಡೂಮ್’ನ ಪಾಠವನ್ನು ಲಿಂಡೆನ್ 2020ರಲ್ಲಿ ತಾವೇ ಪ್ರಕಟಿಸಿದರು. ಇಷ್ಟವಿದ್ದವರು ಅದನ್ನು ಈಗ ತೆರೆದು ಓದಬಹುದು.