ಗೃಹೋಪಯೋಗ: ಗಾಲ್ಫ್ ದಾಂಡಿನ ತಲೆ ಸಡಿಲವಾದರೆ

ಬೆಂಗಳೂರಿನಲ್ಲಿ 1876ನೆಯ ಇಸವಿಯಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. ಆದಕಾರಣ ಈ ಆಟದ ದಾಂಡು ವಾಚಕರಲ್ಲಿ ಕೆಲವರ ಮನೆಗಳಲ್ಲಾದರೂ ಇರಬಹುದೆಂದು ನಾವು ಎಣಿಸುತ್ತೇವೆ. ಬೀಸುವಾಗ ಟಕಟಕ ಶಬ್ದ ಕೇಳಿಸಿದರೆ, ಅಥವಾ ಕೈಯಿಂದ ತಿರುಗಿಸಿದಾಗ ತಲೆ ಮಿಸುಕಿದರೆ, ಒಡನೆ ಆಟವನ್ನು ನಿಲ್ಲಿಸತಕ್ಕದ್ದು. ಕಳಚಿ ಹಾರಿದ ಲೋಹದ ತಲೆಯು ಹತ್ತಿರ ನಿಂತವರ ಪ್ರಾಣಕ್ಕೇ ಅಪಾಯಕರವು.

ಗುದ್ದಲಿಯ ಕಾವು ಸಡಿಲವಾದರೆ ಬೆಣೆ ಹೊಡೆಯುವುದು ನಮ್ಮ ವಾಡಿಕೆ. ಇಲ್ಲಿ ಆ ಉಪಾಯವು ಸಲ್ಲದು. ತಿರುಪಿನಿಂದ ಜೋಡಿಸಿದ ತಲೆಯಾದರೆ ಅದರೊಡನೆ ಬಂದ ಸಲಕರಣೆಯಿಂದ ಬಿಗಿಯಬೇಕು. ಉಳಿದವುಗಳಲ್ಲಿ ತಲೆಯ ಕೊಳವೆಗೂ ಕೋಲಿಗೂ ನಡುವಣ ಎಪಾಕ್ಸಿ ಅಂಟಿನ ತೆಳುಪದರವೇ ಬಂಧನವು.

ತಲೆಯು ತಾನಾಗಿ ಬಾರದಿದ್ದರೆ ಕೊಳವೆಯನ್ನು ಬಿಸಿಗಾಳಿಯಿಂದ ಹದವಾಗಿ ಕಾಯಿಸಲು ಅಂಟು ಮೆತ್ತಗಾಗುವುದು. ಉಕ್ಕಿನ ಕೋಲು ಈ ಶಾಖವನ್ನು ತಾಳುವುದು. ಗ್ರ್ಯಾಫೈಟಿನದಾದರೆ ಅತಿಶಾಖದಿಂದ ಎಳೆಗಳನ್ನು ಬಂಧಿಸಿದ ರಾಳವು ಕೆಡುವುದು. ಅದನ್ನು ತಿರುಚದೆ ನೇರವಾಗಿ ಎಳೆಯಬೇಕು. ಕೋಲಿನ ತುದಿಯಲ್ಲಿ ಬಿರುಕು ಕಂಡರೆ ಅಂಟಿನಿಂದ ಪ್ರಯೋಜನವಿಲ್ಲ. ಬೇರೆ ಕೋಲನ್ನೇ ಹಾಕಿಸತಕ್ಕದ್ದು.

ಎರಡೂ ಕಡೆಯ ಹಳೆಯ ಅಂಟನ್ನು ಕೆರೆದು, ಮರಳು ಕಾಗದದಿಂದ ಉಜ್ಜಿ, ಸ್ಪಿರಿಟಿನಿಂದ ಒರಸಿ ಒಣಗಿಸಬೇಕು. ಹೊಸ ಎಪಾಕ್ಸಿಯ ಎರಡು ಭಾಗಗಳನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ, ಎರಡೂ ಕಡೆ ಸವರಿ, ಕೋಲನ್ನು ತಳದವರೆಗೆ ಒತ್ತಿ, ತಲೆಯ ಮುಖವನ್ನು ಹಿಡಿಯೊಡನೆ ಸರಿನೋಡಿ, ಹೊರಬಂದ ಅಂಟನ್ನು ಒರಸಿ, 24 ಗಂಟೆಗಳ ಕಾಲ ಅಲುಗಿಸದೆ ಇಡತಕ್ಕದ್ದು.

ಹೊರಗಿನ ಅಂಟು ಬೇಗನೆ ಬಿಗಿದಂತೆ ತೋರಿದರೂ ಒಳಗಿನದು ಹಸಿಯಾಗಿರಬಹುದು. ಆದುದರಿಂದ ಮಕ್ಕಳು ಆಡುವ ಅಂಗಳದಲ್ಲಿ ದಾಂಡನ್ನು ಬೀಸಿ ಪರೀಕ್ಷಿಸಕೂಡದೆಂದು ಗೃಹಸ್ಥರಲ್ಲಿ ನಮ್ಮ ಅರಿಕೆ.