ಕಾಂಕ್ರೀಟು ಕೆಲಸದವನಿಗೆ ಯಾವ ಪರೀಕ್ಷೆ?



ನಮ್ಮ ಮಾಧವರಂ ಕಡೆಯ ಒಬ್ಬ ಹಿರಿಯ ಕಾಂಕ್ರೀಟು ಕೆಲಸಗಾರರು ಹೋದ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಕಿಸಿದ ಒಂದು ಸರ್ಟಿಫಿಕೇಟನ್ನು ತಂದು ನನ್ನ ಕೈಯಲ್ಲಿಟ್ಟರು. "ಇದರಾಗ ಏನು ಬರ್ದಾರ, ಓದಿ ಹೇಳ್ರಿ ಮಾಸ್ತರೇ" ಅಂದರು. ಇಂಗ್ಲಿಷಿನಲ್ಲಿತ್ತು. ಅವರು ಈ ಕೆಲಸದಲ್ಲಿ ನುರಿತವರೆಂದು ಪರೀಕ್ಷಿಸಿ ಕಂಡುಕೊಂಡಿದ್ದೇವೆ ಎಂಬುದು ಅದರ ತಾತ್ಪರ್ಯ. ಪರೀಕ್ಷೆ ಹೇಗೆ ಮಾಡಿದರು ಎಂದು ಕೇಳಿದೆ. ಒಂದು ಹಾಲಿನಲ್ಲಿ ಕೂಡಿಸಿ ಗೋಡೆಯ ಮೇಲೆ ಚಿತ್ರ ತೋರಿಸಿದರಂತೆ. ಚಹಾ ಕೊಟ್ಟರಂತೆ. ತಲೆಗೆ ಹೆಲ್ಮೆಟ್ ಹಾಕಿಸಿ ಫೋಟೋ ತೆಗೆದರಂತೆ. ಒಂದು ಬಾಂಡ್ಲಿ ಕಾಂಕ್ರೀಟು ಸಹ ಕಲಸಲಿಲ್ಲವಂತೆ.

ಆ ಹಿರಿಯರು ಇಪ್ಪತ್ತು ವರ್ಷಕ್ಕೂ ಮೇಲೆ ಸ್ಲ್ಯಾಬು ಹಾಕಿದವರು. ಅವರು ನುರಿತವರೆಂದು ಬರೆದದ್ದು ಸುಳ್ಳಲ್ಲ. ಆದರೆ ಅದು ನಿಜವೋ ಅಲ್ಲವೋ ಎಂಬುದು ಬರೆದವರಿಗೆ ಗೊತ್ತಿರಲಿಲ್ಲ. ಅದೇ ಹಾಲಿನಲ್ಲಿ ಅವರ ಪಕ್ಕದಲ್ಲಿ ಕೂತಿದ್ದ, ವೈಬ್ರೇಟರನ್ನು ಕೈಯಲ್ಲಿ ಹಿಡಿದೇ ಇರದ ಹುಡುಗನಿಗೂ ಅದೇ ಕಾಗದ ಸಿಕ್ಕಿದೆ. ನಾಳೆ ಇಬ್ಬರೂ ಒಂದೇ ಗೋಡೆಯ ಕೆಳಗೆ ನಿಲ್ಲುತ್ತಾರೆ. ನಾನು ಬರೆಯಹೊರಟಿರುವುದು ಈ ವಿಷಯವಾಗಿ.

ಆದೋನಿ, ಕೋಸಿಗಿ, ಮಂತ್ರಾಲಯ, ಪೆದ್ದಕಡುಬೂರು ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ಹೊಸದೇನಲ್ಲ. ಕೆಲವರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಹಿಂದೆ ಹೋದವರಿಗೆ ಅಲ್ಲಿ ಕಂಡದ್ದು ನಾವು ಬಲ್ಲ ಕೆಲಸವೇ: ಪಾಯ, ಇಟ್ಟಿಗೆ, ಸೆಂಟ್ರಿಂಗು, ಸ್ಲ್ಯಾಬು. ಈಗ ಹೋದವರು ಬೇರೆ ಸುದ್ದಿ ತರುತ್ತಿದ್ದಾರೆ. ಗೋಡೆಯನ್ನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಏರಿಸುವುದಿಲ್ಲ. ಇಡೀ ಗೋಡೆಯನ್ನು ಒಂದೇ ಪ್ಯಾನೆಲ್ಲಾಗಿ ಎರಕ ಹೊಯ್ದು ಕ್ರೇನಿನಿಂದ ಎತ್ತಿ ನಿಲ್ಲಿಸುತ್ತಾರೆ.

ಚೆನ್ನೈಯ ಪೆರುಂಬಾಕ್ಕಂನಲ್ಲಿ 1,152 ಮನೆಗಳನ್ನು ಹೀಗೆ ಮೊದಲೇ ಎರಕ ಹೊಯ್ದ ಕಾಂಕ್ರೀಟು ಭಾಗಗಳನ್ನು ಜೋಡಿಸಿ ಕಟ್ಟಲಾಯಿತು. 2021ರ ಜನವರಿ 1ರಂದು ಅಡಿಗಲ್ಲು, 2022ರ ಮೇ 26ರಂದು ಉದ್ಘಾಟನೆ. ನಮ್ಮ ಕರ್ನೂಲಿನ ಜಗನ್ನಾಥಗಟ್ಟಿನ ಟಿಡ್ಕೋ ಮನೆಗಳಲ್ಲಿಯೂ ಇಟ್ಟಿಗೆ ಗೋಡೆಯಿಲ್ಲ. ಅಚ್ಚು ನಿಲ್ಲಿಸಿ ಅದರೊಳಗೆ ಕಾಂಕ್ರೀಟು ಸುರಿದು ಕಟ್ಟಿದ ಗೋಡೆಗಳವು. ಇವೆರಡಕ್ಕೂ ಹತ್ತಿರದ ಇನ್ನೊಂದು ಪದ್ಧತಿ ಟಿಲ್ಟ್‌-ಅಪ್ ಎಂಬುದು. ಅದರಲ್ಲಿ ಗೋಡೆಯನ್ನು ಕಟ್ಟಡದ ನೆಲದ ಮೇಲೆಯೇ ಮಲಗಿಸಿ ಎರಕ ಹೊಯ್ದು, ಅಲ್ಲಿಂದಲೇ ಎಬ್ಬಿಸಿ ನಿಲ್ಲಿಸುತ್ತಾರೆ. ಇದು ಬಹಳ ಹಳೆಯದು. ಅಮೆರಿಕದಲ್ಲಿ ರಾಬರ್ಟ್ ಏಕನ್ ಎಂಬವರು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಹೀಗೆ ಗೋಡೆ ನಿಲ್ಲಿಸಿದ್ದರು. ನಮ್ಮ ದೇಶದಲ್ಲಿ ಇನ್ನೂ ಅಪರೂಪ. ಆದರೆ ಆದೋನಿಯ ಹತ್ತಿ ಮಾರುಕಟ್ಟೆಯಂಥ ಕಡೆ ಬೇಕಾಗುವ ದೊಡ್ಡ ಗೋದಾಮುಗಳಿಗೆ ಒಪ್ಪುವ ಪದ್ಧತಿ ಇದು. ಇಂದಲ್ಲ ನಾಳೆ ನಮ್ಮ ಬಾಗಿಲಿಗೂ ಬರುತ್ತದೆ. ಬರುವ ಮೊದಲೇ ನಮ್ಮವರು ಇದನ್ನು ಕಲಿಯಬೇಡವೇ?

ಈ ಕೆಲಸದಲ್ಲಿ ತಿಳಿದಿರಬೇಕಾದದ್ದು ಎಷ್ಟಿದೆ ನೋಡಿರಿ.

ಮೊದಲು ಹಾಸು. ಕೆಳಗಿನ ನೆಲ ಎಷ್ಟು ನಯವೋ ಗೋಡೆಯ ಮುಖವೂ ಅಷ್ಟೇ ನಯ. ಆ ನೆಲಕ್ಕೆ ಹೊಸ ಕಾಂಕ್ರೀಟು ಅಂಟದಂತೆ ಒಂದು ದ್ರಾವಣ ಬಳಿಯುತ್ತಾರೆ. ಬಳಿದ ಮೇಲೆ ಕೆಸರುಗಾಲಲ್ಲಿ ತುಳಿದರೆ ಅಥವಾ ಕಂಬಿ ಎಳೆದು ಗೀಚಿದರೆ ಅಲ್ಲಿ ಅಂಟುತ್ತದೆ. ಅಂಟಿದ ಪ್ಯಾನೆಲನ್ನು ಎಬ್ಬಿಸುವಾಗ ಕ್ರೇನಿಗೆ ಗೋಡೆಯ ತೂಕವಲ್ಲದೆ ಹಿಡಿದೆಳೆಯುವ ಬಲವೂ ಸೇರುತ್ತದೆ. ಆ ದ್ರಾವಣ ಕಂಬಿಗೆ ತಾಗಿದರೆ ಕಾಂಕ್ರೀಟು ಕಂಬಿಯನ್ನು ಹಿಡಿಯುವುದಿಲ್ಲ. ಹೀಗೆ ಬಳಿಯುವ ಕೆಲಸ ಸಣ್ಣದೆಂದು ತೋರಿದರೂ ಅದರ ತಪ್ಪು ದೊಡ್ಡದು.

ಆಮೇಲೆ ಇನ್‌ಸರ್ಟುಗಳು, ಅಂದರೆ ಕ್ರೇನಿನ ಕೊಕ್ಕೆ ಸಿಕ್ಕಿಸಲು ಕಾಂಕ್ರೀಟಿನೊಳಗೆ ಹುದುಗಿಸುವ ಉಕ್ಕಿನ ತುಂಡುಗಳು. ನಕ್ಷೆಯಲ್ಲಿ ಎಲ್ಲಿ ತೋರಿಸಿದೆಯೋ ಅಲ್ಲಿಯೇ ಇರಬೇಕು. ಕಾಂಕ್ರೀಟು ಸುರಿಯುವಾಗ ಕಾಲು ತಾಗಿ ಓರೆಯಾದರೆ ಅದನ್ನು ಕಂಡವನು ಆ ಗಳಿಗೆಯಲ್ಲಿಯೇ ಹೇಳಬೇಕು. ಗಟ್ಟಿಯಾದ ಮೇಲೆ ಹೇಳಿ ಉಪಯೋಗವಿಲ್ಲ. ವೈಬ್ರೇಟರಿನ ಸೂಜಿಯನ್ನು ನೆಟ್ಟಗೆ ಇಳಿಸಿ ನಿಧಾನವಾಗಿ ತೆಗೆಯಬೇಕು. ಇನ್‌ಸರ್ಟಿನ ಸುತ್ತ ಪೊಳ್ಳು ಉಳಿಯಬಾರದು. ಅತಿಯಾಗಿ ಹೊಡೆದರೆ ಜಲ್ಲಿ ಕೆಳಗಿಳಿದು ಹಾಲು ಮೇಲೆ ನಿಲ್ಲುತ್ತದೆ. ಕೆಲಸ ಸುಲಭವಾಗಲೆಂದು ನೀರು ಹೆಚ್ಚು ಬೆರೆಸುವ ನಮ್ಮವರ ಹಳೆಯ ಚಾಳಿ ಇಲ್ಲಿ ಪ್ರಾಣಕ್ಕೇ ಬರುತ್ತದೆ.

ಆಮೇಲೆ ಕ್ಯೂರಿಂಗು. ನಮ್ಮ ಸೀಮೆಯ ಬಿಸಿಲು, ಗಾಳಿ ನಿಮಗೆ ಗೊತ್ತೇ ಇದೆ. ಗೋಣಿತಟ್ಟು ಹೊದಿಸಿ ಒಣಗದಂತೆ ನೀರು ಹಿಡಿಯದಿದ್ದರೆ ಮೇಲ್ಮೈ ಬಿರಿಯುತ್ತದೆ, ಬಲ ಬರುವುದಿಲ್ಲ. ಎತ್ತುವ ದಿನವನ್ನು ನಿರ್ಧರಿಸಬೇಕಾದದ್ದು ಕ್ಯಾಲೆಂಡರಲ್ಲ, ಕ್ಯೂಬು. ಅದೇ ಕಾಂಕ್ರೀಟಿನಿಂದ ತುಂಬಿಸಿಟ್ಟ 150 ಮಿಲಿಮೀಟರಿನ ಕ್ಯೂಬುಗಳನ್ನು ಒಡೆದು ನೋಡಿ, ಇಂಜಿನಿಯರು ಹೇಳಿದ ಬಲ ಬಂದಿದ್ದರೆ ಮಾತ್ರ ಎತ್ತಬೇಕು. ಏಕೆಂದರೆ ನಿಂತ ಗೋಡೆಗಿಂತ ಏಳುತ್ತಿರುವ ಗೋಡೆಗೇ ಹೆಚ್ಚು ಕಷ್ಟ. ಮಲಗಿದ್ದದ್ದು ಏಳುವಾಗ ತನ್ನ ತೂಕಕ್ಕೆ ತಾನೇ ಬಾಗುತ್ತದೆ.

ತೂಕ ಎಷ್ಟು? 6 ಮೀಟರ್ ಉದ್ದ, 3 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪದ ಪ್ಯಾನೆಲ್ಲಿನಲ್ಲಿ 2.7 ಘನ ಮೀಟರ್ ಕಾಂಕ್ರೀಟು ಇರುತ್ತದೆ. ಘನ ಮೀಟರಿಗೆ ಕಂಬಿ ಸೇರಿ 2,500 ಕಿಲೋ ಹಿಡಿದರೂ ಸುಮಾರು ಆರೂಮುಕ್ಕಾಲು ಟನ್ನು. ಅಂಥದನ್ನು ಎಬ್ಬಿಸುವಾಗ ಅದು ಬಿದ್ದರೆ ಎಲ್ಲಿಯವರೆಗೆ ಬೀಳಬಹುದೋ ಅಷ್ಟರೊಳಗೆ ಯಾರೂ ಇರಕೂಡದು. ನಿಂತ ಮೇಲೆ ಬ್ರೇಸ್ ಎಂದು ಕರೆಯುವ ಓರೆ ಆಸರೆಗಳನ್ನು ಕಟ್ಟಿ ಭದ್ರಪಡಿಸುವವರೆಗೆ ಕ್ರೇನು ಕೊಕ್ಕೆ ಬಿಡಬಾರದು. ಮಾಡಿನ ಕೆಲಸ ಮುಗಿದು ಗೋಡೆಗೆ ಕಟ್ಟಡದ ಹಿಡಿತ ಸಿಗುವವರೆಗೆ ಆಸರೆ ಬಿಚ್ಚಬಾರದು. ನಮ್ಮ ಎರೆಭೂಮಿಯಲ್ಲಂತೂ ಇನ್ನೂ ಎಚ್ಚರಿಕೆ ಬೇಕು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣು ಕ್ರೇನಿನ ಭಾರವನ್ನಾಗಲಿ ಆಸರೆಯ ಬುಡವನ್ನಾಗಲಿ ಸುಮ್ಮನೆ ಹೊರುವುದಿಲ್ಲ.

ಇಷ್ಟನ್ನು ಹಾಲಿನಲ್ಲಿ ಚಿತ್ರ ತೋರಿಸಿ ಪರೀಕ್ಷಿಸಲು ಸಾಧ್ಯವೇ?

ಸರಕಾರದ ಯೋಜನೆಯನ್ನೇ ನಾನು ಹಳಿಯುವುದಿಲ್ಲ. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಗೆ ಹೋಗದೆ ಕೆಲಸದಲ್ಲೇ ಕಲಿತದ್ದನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಇದೆ. ಕೈಯಲ್ಲಿರುವ ವಿದ್ಯೆಗೆ ಬೆಲೆ ಕೊಡುವ ಈ ತತ್ವ ಒಳ್ಳೆಯದೇ. ಆದರೆ 2016ರಿಂದ 2020ರ ವರೆಗಿನ ಹಂತದಲ್ಲಿ ಅದಕ್ಕೆ ಇಟ್ಟಿದ್ದ ಕನಿಷ್ಠ ತಿಳಿವಳಿಕೆ 12 ಗಂಟೆ, ಪಾಸಾದವರಿಗೆ ಕೊಟ್ಟದ್ದು 500 ರೂಪಾಯಿ. ಕಲಿತದ್ದನ್ನು ಗುರುತಿಸಲು 12 ಗಂಟೆ ಸಾಕಾದೀತು. ಕಲಿಯದ ಹೊಸ ಕೆಲಸವನ್ನು ಕಲಿಸಲು ಸಾಲದು. ಸ್ಲ್ಯಾಬು ಹಾಕುವುದನ್ನು ಬಲ್ಲವನು ಗೋಡೆ ಎಬ್ಬಿಸುವುದನ್ನೂ ಬಲ್ಲನೆಂದು ಬರೆದುಕೊಟ್ಟರೆ ಆ ಕಾಗದ ಉಪಕಾರವಲ್ಲ, ಅಪಾಯ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ಕೆಳಗೆ 1998ರಲ್ಲಿ ಮಾಡಿದ ಕೇಂದ್ರ ನಿಯಮಗಳಲ್ಲಿ ಕಾಂಕ್ರೀಟು ಪ್ಯಾನೆಲ್ಲುಗಳ ಬಗ್ಗೆಯೇ ಒಂದು ನಿಯಮವಿತ್ತು. ಪ್ಯಾನೆಲ್ಲಿನ ಎಲ್ಲ ಭಾಗವೂ ಸಮವಾಗಿ ಏಳಬೇಕು; ನಿಂತ ಮೇಲೆ ಕಟ್ಟಡದ ಬೇರೆ ಭಾಗಗಳ ಹಿಡಿತ ಸಿಗುವವರೆಗೆ ಆಸರೆ ಇರಬೇಕು ಎಂದು ಅದರ ಸಾರ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಯಿತು. ಹೊಸ ನಿಯಮಗಳಲ್ಲಿ ಈ ಮಾತು ಒಂದಕ್ಷರವೂ ಸಡಿಲವಾಗಬಾರದು ಎಂದು ನಮ್ಮ ಸಂಘಗಳು ಕಾವಲಿರಬೇಕು.

ಅದೇ ಸಂಹಿತೆಯಲ್ಲಿ, ಪ್ರಾಣಾಪಾಯ ಕಂಡರೆ ಕಾರ್ಮಿಕನು ಮಾಲೀಕನಿಗೂ ಇನ್ಸ್‌ಪೆಕ್ಟರಿಗೂ ತಿಳಿಸಬಹುದು ಎಂದಿದೆ. ಮಾಲೀಕನಿಗೆ ಅದು ಹೌದೆನ್ನಿಸಿದರೆ ಕ್ರಮ ಕೈಗೊಳ್ಳಬೇಕು. ಅಂದರೆ ತಿಳಿಸುವ ಹಕ್ಕು ಉಂಟು, ಕೆಲಸ ನಿಲ್ಲಿಸುವ ಹಕ್ಕನ್ನು ಅಲ್ಲಿ ಬರೆದಿಲ್ಲ. ಆರೂಮುಕ್ಕಾಲು ಟನ್ನಿನ ಗೋಡೆ ಅರ್ಧಕ್ಕೆ ಎದ್ದಿರುವಾಗ ಯಾರಿಗೆ ಅರ್ಜಿ ಬರೆಯುತ್ತೀರಿ?

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ: ಈ ಕೆಲಸದ ಪರೀಕ್ಷೆಯಲ್ಲಿ ಮುಖ್ಯ ಪ್ರಶ್ನೆ ಒಂದಿರಬೇಕು. "ಎತ್ತಬೇಡಿ" ಎಂದು ಯಾವಾಗ ಹೇಳಬೇಕೆಂದು ಈ ಮನುಷ್ಯನಿಗೆ ಗೊತ್ತಿದೆಯೇ? ಹೇಳಿದರೆ ಕೇಳುವವರು ಇದ್ದಾರೆಯೇ? ಮೊದಲನೆಯದು ಕಾರ್ಮಿಕನ ಪರೀಕ್ಷೆ, ಎರಡನೆಯದು ಮಾಲೀಕನ ಪರೀಕ್ಷೆ. ಎರಡೂ ಪಾಸಾಗದೆ ಗೋಡೆ ಏಳಬಾರದು.

ನಮ್ಮ ಸಂಘದ ಕೆಲವು ಸಹೋದರರಿಗೆ ಇದು ಹಿಡಿಸುವುದಿಲ್ಲ. "ಪರೀಕ್ಷೆ ಅಂತ ಬಂದರೆ ಓದು ಬಾರದವರನ್ನು ಹೊರಗೆ ಹಾಕ್ತಾರೆ, ನಮ್ಮ ಹಿರಿಯರ ಗತಿಯೇನು?" ಎನ್ನುತ್ತಾರೆ. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬರೆಯುವ ಪರೀಕ್ಷೆ ಇಟ್ಟರೆ ಹಾಗೆಯೇ ಆಗುತ್ತದೆ. ನಾವು ಬೇಡವೆನ್ನಬೇಕಾದದ್ದು ಬರಹವನ್ನು, ಪರೀಕ್ಷೆಯನ್ನಲ್ಲ. ಆಸ್ಟ್ರೇಲಿಯಾದಲ್ಲಿ ಟಿಲ್ಟ್‌-ಅಪ್ ಕೆಲಸಕ್ಕೆ 2003ರಲ್ಲಿಯೇ ಪ್ರತ್ಯೇಕ ಮಾನಕವಿತ್ತು. ಅಲ್ಲಿ ಕೆಲಸಗಾರನನ್ನು ತೂಗುವುದು ಅವನು ಕೈಯಾರೆ ಮಾಡಿ ತೋರಿಸಿದ ಕೆಲಸದಿಂದ. ತೂಗುವವನಿಗೂ ಆ ಕಸುಬು ಗೊತ್ತಿರಬೇಕು. ಇಲ್ಲಿ ಹಾಗೆ ಮಾಡಲು ಏನಡ್ಡಿ?

ಗುತ್ತಿಗೆದಾರರು ಹೇಳುವುದು ಬೇರೆ: "ಕಲಿಸಿದರೆ ಹೆಚ್ಚು ಕೂಲಿ ಕೊಡುವವನ ಹತ್ತಿರ ಓಡಿಹೋಗ್ತಾನೆ." ಹಾಗಾದರೆ ಇರುವಲ್ಲಿಯೇ ಹೆಚ್ಚು ಕೂಲಿ ಕೊಡಿ ಎಂಬುದೇ ಅದಕ್ಕೆ ಉತ್ತರ.

ನಾವು ಕೇಳಬೇಕಾದದ್ದನ್ನು ಹೀಗೆ ಒಟ್ಟುಗೂಡಿಸಬಹುದು.

ಒಂದನೆಯದಾಗಿ, ಪರೀಕ್ಷೆ ಬಾಯಿಮಾತಿನಲ್ಲಿ, ಕೆಲಸಗಾರನ ಮಾತಿನಲ್ಲಿ ನಡೆಯಬೇಕು. ನಮ್ಮವರು ಆಂಧ್ರದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ, ಸೈಟಿನಲ್ಲಿ ಹಿಂದಿ ಬೈಗುಳ ಕೇಳುವವರು. ಇಂಗ್ಲಿಷ್ ಪ್ರಶ್ನೆಪತ್ರಿಕೆಯಿಂದ ಅವರ ಕಸುಬು ತಿಳಿಯುವುದಿಲ್ಲ. ಕ್ರೇನಿನ ಕೈಸನ್ನೆ ಮಾತ್ರ ಎಲ್ಲರಿಗೂ ಒಂದೇ ಇರಬೇಕು.

ಎರಡನೆಯದಾಗಿ, ನಿಜವಾದ ಪ್ಯಾನೆಲ್ಲನ್ನೇ ಎರಕ ಹೊಯ್ಯಿಸಿ, ಎತ್ತಿಸಿ, ಆಸರೆ ಕಟ್ಟಿಸಿ ನೋಡಬೇಕು. ಬೇಕೆಂದೇ ಒಂದು ಇನ್‌ಸರ್ಟನ್ನು ಓರೆ ಇಟ್ಟು ಯಾರು ಕಂಡುಹಿಡಿಯುತ್ತಾರೆಂದು ನೋಡಬೇಕು. ಪರೀಕ್ಷಕರಲ್ಲಿ ಒಬ್ಬರಾದರೂ ಕಸುಬಿನ ಮೇಸ್ತ್ರಿ ಇರಬೇಕು.

ಮೂರನೆಯದಾಗಿ, ಹೆಂಗಸರು. ಕಾಂಕ್ರೀಟು ಹೊರುವವರು ಅವರು, ಕ್ಯೂರಿಂಗಿಗೆ ನೀರು ಹಿಡಿಯುವವರು ಅವರು. ಮಸ್ಟರ್ ರೋಲಿನಲ್ಲಿ ಮಾತ್ರ ಸಾಯುವವರೆಗೂ "ಹೆಲ್ಪರ್". ತರಬೇತಿಯಲ್ಲಿ ಅವರಿಗೆ ಮೊದಲ ಸಾಲಿನಲ್ಲಿ ಜಾಗವಿರಬೇಕು.

ನಾಲ್ಕನೆಯದಾಗಿ, ತರಬೇತಿಯ ದಿನಗಳಿಗೆ ಪೂರ್ತಿ ಕೂಲಿ ಸಿಗಬೇಕು. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಸೆಸ್ಸಿನ ಹಣ ಕಾರ್ಮಿಕರ ಹೆಸರಿನದೇ, ಅದರಿಂದ ಕೊಡಲಿ. ಪಾಸಾದವರಿಗೆ ಕೂಲಿಯಲ್ಲಿ ಒಂದು ಮೆಟ್ಟಿಲು ಏರಿಕೆಯಾಗಬೇಕು. ಇಲ್ಲವಾದರೆ ಸರ್ಟಿಫಿಕೇಟು ಪೆಟ್ಟಿಗೆಯ ತಳದಲ್ಲಿ ಇಡುವ ಕಾಗದ ಅಷ್ಟೇ.

ಐದನೆಯದಾಗಿ, ಪಾಸಾದವನು "ನಿಲ್ಲಿಸಿ" ಎಂದರೆ ಎತ್ತುವುದು ನಿಲ್ಲಬೇಕು. ಹಾಗೆ ಅಂದದ್ದಕ್ಕೆ ಅವನ ಆ ದಿನದ ಕೂಲಿ ಕಡಿಯಬಾರದು, ಮರುದಿನ ಕೆಲಸ ತಪ್ಪಬಾರದು.

ಮನೆ ಕಟ್ಟುವವನು ಮಾಳಿಗೆಗೆ ಅಡ್ಡಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಬಿದ್ದರೆ ದೋಷ ಆ ಮನೆಗೇ ಎಂಬ ವಿಧಿ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಉಂಟು. ಬಿದ್ದವನು ಎಚ್ಚರ ತಪ್ಪಿದ ಎಂದು ಕೈತೊಳೆದುಕೊಳ್ಳಲು ಅಲ್ಲಿ ಆಸ್ಪದವಿಲ್ಲ. ಇಂದಿನ ಗೋಡೆಗೂ ಅದೇ ನ್ಯಾಯ ಸಲ್ಲಬೇಕು.

ಕೊನೆಯದಾಗಿ, ನಮ್ಮಿಂದಲೇ ಆಗಬೇಕಾದ ಒಂದು ಕೆಲಸವಿದೆ. ಕಟ್ಟಡ ಕಾರ್ಮಿಕರೆಂದು ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಗುಳೆ ಹೋದವರಲ್ಲಿ ಬಹಳ ಮಂದಿಯ ಬಳಿ ಅದಕ್ಕೆ ಲೆಕ್ಕವೇ ಇರುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿರಿ. ಯಾವ ದಿನ, ಯಾವ ಊರು, ಯಾವ ಸೈಟು, ಏನು ಕೆಲಸ ಎಂದು ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದ ಬರೆಯಿಸಿರಿ. ಮೇಸ್ತ್ರಿಯ ರುಜು ಹಾಕಿಸಿರಿ. ನಾಳೆ ಕಸುಬಿನ ನಿಜವಾದ ಪರೀಕ್ಷೆ ಬಂದಾಗ ಆ ಪುಸ್ತಕವೂ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ಮೊದಲು ಹೇಳಿದ ಹಿರಿಯರು ಹೊರಡುವಾಗ ಒಂದು ಮಾತು ಕೇಳಿದರು: "ಮಾಸ್ತರೇ, ಆ ಹುಡುಗಗೂ ಇದನ್ನ ಕೊಟ್ಟಾರಲ್ಲ, ಅವಗ ಯಾರು ಕಲಿಸ್ತಾರ?" ತಮ್ಮ ಕೂಲಿಯ ಮಾತನ್ನು ಅವರು ಎತ್ತಲೇ ಇಲ್ಲ. ಆ ಹುಡುಗನಿಗೆ ಕಲಿಸಬಲ್ಲವರು ಅವರೇ. ಕಲಿಸಲು ಅವರಿಗೆ ಕೂಲಿ ಕೊಟ್ಟು ಒಂದು ಅಂಗಳ, ಒಂದು ಕ್ರೇನು ಒದಗಿಸುವವರು ಬೇಕಾಗಿದ್ದಾರೆ. ಅದನ್ನು ಕೇಳುವ ಕೆಲಸ ನಮ್ಮದು.